ಕೊಪ, ಶಂಗೇರಿ, ನರಸಿಂಹರಾ...

ಎರಡು ವರ್ಷದ ಹಿಂದೆ ದೀಪಾವಳಿಗೆ ಊರಿಗೆ ಹೋಗಿದ್ದೆ. ನಮ್ಮನೆ ಇರೋದು ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ, ಹರಿಹರಪುರಕ್ಕಿಂತ ಈಚೆ. ಬಸ್ಸಿಳಿದು ಒಳಗೆ ಎರಡು ಕಿಲೋಮೀಟರ್ ನಡೆಯಬೇಕು. ಅಂಗಳದ ತುಂಬ ಬೇಯಿಸಿದ ಅಡಿಕೆ ಹರವಿತ್ತು. ಅಪ್ಪಯ್ಯ ಜಗಲಿಯ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಮತ್ತೆ ಮೂಗಿಗಿಳಿಸಿ, ಮೊಬೈಲನ್ನು ಒಮ್ಮೆ ದೂರ ಒಮ್ಮೆ ಹತ್ತಿರ ಹಿಡಿದು ನೋಡ್ತಾ ಇದ್ರು.

“ಎಂಥದು ಮಾರಾಯ ಇದು? ಕೊಪ ಅಂತೆ, ಶಂಗೇರಿ ಅಂತೆ. ಯಾವ ಜಿಲ್ಲೆಯದ್ದೋ?”

ಇಣುಕಿದೆ. ರೈತರಿಗೆ ಅಂತ ಮಾಡಿದ ಒಂದು ಆ್ಯಪ್. ‘ತಾಲ್ಲೂಕು ಆರಿಸಿ’ ಅಂತ ಪಟ್ಟಿ ಬಂದಿತ್ತು. ಕೊಪ್ಪದ ಪ-ಒತ್ತು ಮಾಯ. ಶೃಂಗೇರಿಯ ವಟ್ರಸುಳಿಯನ್ನು ಯಾರೋ ಕತ್ತಿಯಲ್ಲಿ ಸವರಿದ ಹಾಗಿತ್ತು. ಒತ್ತಕ್ಷರವೇ ಇಲ್ಲದ ಪುಣ್ಯಕ್ಕೆ ನರಸಿಂಹರಾಜಪುರ ಒಂದು ಬಚಾವಾಗಿತ್ತು ಅಂದುಕೊಂಡರೆ, ಅದು ಉದ್ದ ಜಾಸ್ತಿಯಾಗಿ ‘ನರಸಿಂಹರಾ’ ಅಂತ ಬರೆದು ಮೂರು ಚುಕ್ಕಿ ಇಟ್ಟಿತ್ತು. ಮೂರು ತಾಲ್ಲೂಕುಗಳಲ್ಲಿ ಒಂದಕ್ಕೂ ತನ್ನ ಹೆಸರು ಪೂರ್ತಿ ಸಿಕ್ಕಿರಲಿಲ್ಲ.

ನಂಗೆ ನಗು ಬರಬೇಕಿತ್ತು. ಬರಲಿಲ್ಲ. ಯಾಕಂದ್ರೆ ಆ ಪಟ್ಟಿಯ ಕೋಡ್ ಬರೆದವನು ನಾನೇ.

ಆಗ ನಾನಿದ್ದ ಕಂಪನಿಯ ಹೆಸರು ಇಲ್ಲಿ ಬೇಡ. ಅಂಥ ಕಂಪನಿಗಳು ಬೆಂಗಳೂರಿನ ಒಂದೊಂದು ರಸ್ತೆಗೆ ಹತ್ತು ಸಿಗ್ತವೆ. ಆದರೆ ಆ ಮೀಟಿಂಗ್ ಮಾತ್ರ ಚೆನ್ನಾಗಿ ನೆನಪಿದೆ. ಡಿಸೈನ್ ರಿವ್ಯೂ. ಇಂಗ್ಲಿಷ್ ಅಕ್ಷರದ ಗಾತ್ರ, ಬಣ್ಣ, ಅಂತರದ ಬಗ್ಗೆ ಮುಕ್ಕಾಲು ಗಂಟೆ ಚರ್ಚೆ ಆಯಿತು. ಕೊನೆಗೆ ಯಾರೋ ಕೇಳಿದರು: “ಕನ್ನಡಕ್ಕೆ ಏನು, ಸೆರಿಫಾ ಸಾನ್ಸಾ?” ಇನ್ಯಾರೋ ಅಂದರು: “ಸಾನ್ಸ್. ಮಾಡರ್ನ್ ಕಾಣಬೇಕು.” ಎಲ್ಲರೂ ನನ್ನ ಕಡೆ ನೋಡಿದರು, ಕೋಣೆಯಲ್ಲಿದ್ದ ಕನ್ನಡದವನು ನಾನೊಬ್ಬನೇ. “ಸಾನ್ಸ್ ಓಕೆ” ಅಂದೆ. ಕನ್ನಡದ ಚರ್ಚೆ ಅಲ್ಲಿಗೆ ಮುಗಿಯಿತು, ಎರಡು ನಿಮಿಷ ಆಗಿರಬಹುದು. ಕೋಡ್ ಬರೆಯುವಾಗ ಇಂಗ್ಲಿಷಿಗೆ ಹೊಂದುವ ಎತ್ತರದ ಡಬ್ಬಿ ಮಾಡಿದೆ, ಡಬ್ಬಿಯಿಂದ ಹೊರಗೆ ಚಾಚಿದ್ದನ್ನು ಮುಚ್ಚಿಬಿಡು ಅಂತ ಒಂದು ಸಾಲು ಸೇರಿಸಿದೆ. ಟಿಕೆಟ್ ಕ್ಲೋಸ್.

ಈ ಲೇಖನ ಆ ಪ್ರಶ್ನೆಯ ವಿರುದ್ಧ. ಉತ್ತರ ಸಾನ್ಸ್ ಆಗಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ. ‘ಸೆರಿಫಾ ಸಾನ್ಸಾ’ ಅನ್ನುವ ಪ್ರಶ್ನೆಯನ್ನು ಕನ್ನಡಕ್ಕೆ ಕೇಳೋದೇ ತಪ್ಪು.

ಸೆರಿಫ್ ಅಂದರೆ ಇಂಗ್ಲಿಷ್ ಅಕ್ಷರದ ಗೆರೆ ಮುಗಿಯುವಲ್ಲಿ ಇರುವ ಪುಟ್ಟ ಪಾದ. ಟೈಮ್ಸ್ ನ್ಯೂ ರೋಮನ್‌ನಲ್ಲಿ ಇದೆ, ಏರಿಯಲ್‌ನಲ್ಲಿ ಇಲ್ಲ. ರೋಮನ್ನರ ಕಲ್ಲಿನ ಶಾಸನಗಳಲ್ಲೇ ಆ ಪಾದ ಕಾಣುತ್ತೆ. ಅದನ್ನು ಕಿತ್ತು ಹಾಕಿದ ಅಚ್ಚುಮೊಳೆಯನ್ನು ಇಂಗ್ಲೆಂಡಿನಲ್ಲಿ ನಾಲ್ಕನೇ ವಿಲಿಯಂ ಕ್ಯಾಸ್ಲನ್ 1816ರಲ್ಲಿ ತನ್ನ ನಮೂನೆ ಪುಸ್ತಕದಲ್ಲಿ ತೋರಿಸಿದ. ಆಮೇಲೆ ಅವರ ಎರಡು ಶತಮಾನದ ಮುದ್ರಣ ಚರಿತ್ರೆಯಲ್ಲಿ ಪಾದ ಇರೋದು ‘ಸಾಂಪ್ರದಾಯಿಕ’, ಇಲ್ಲದ್ದು ‘ಆಧುನಿಕ’ ಅಂತ ಅರ್ಥ ಬೆಳೆದುಕೊಂಡು ಬಂತು. ಅವರ ಮಟ್ಟಿಗೆ ಅದು ನ್ಯಾಯವಾದ ವಿಂಗಡಣೆ. ತಮಾಷೆ ಏನಂದರೆ, ಅದಾದ ಮರುವರ್ಷವೇ, 1817ರಲ್ಲಿ, ಬಂಗಾಳದ ಶ್ರೀರಾಮಪುರದ ಮಿಷನ್ ಪ್ರೆಸ್ಸಿನಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಅವರು ಅಕ್ಷರದ ಪಾದ ಕಳಚುವ ಹೊತ್ತಿಗೆ ನಾವು ಅಚ್ಚಿನ ಮನೆಗೆ ಆಗಷ್ಟೇ ಕಾಲಿಡ್ತಾ ಇದ್ದೆವು. ಕಳಚಲಿಕ್ಕೆ ನಮಗೆ ಆ ಪಾದವೇ ಇರಲಿಲ್ಲ.

ನಮ್ಮೂರಿನ ಭಾಷೆಯಲ್ಲಿ ಹೇಳ್ತೀನಿ. ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಕಡೆ ಅಡಿಕೆಯೂ ಇದೆ, ಕಾಫಿಯೂ ಇದೆ. ಅಡಿಕೆ ಮಂಡಿಗೆ ಹೋದರೆ ಹಸ, ಬೆಟ್ಟೆ, ರಾಶಿ, ಗೊರಬಲು ಅಂತ ವಿಂಗಡಿಸ್ತಾರೆ. ಎಳೆಯದರಲ್ಲಿ ಕೊಯ್ದದ್ದೋ ಬಲಿತದ್ದೋ, ಹೇಗೆ ಸಂಸ್ಕರಣೆ ಮಾಡಿದ್ದು ಅನ್ನೋದೆಲ್ಲ ಆ ಹೆಸರಿನಲ್ಲೇ ಬರುತ್ತೆ. ಕಾಫಿಯ ಲೆಕ್ಕ ಬೇರೆ. ಬೀಜವನ್ನು ಜರಡಿ ಹಿಡಿದು ಗಾತ್ರದ ಮೇಲೆ ಎಎ, ಎ, ಬಿ, ಸಿ, ಒಂಟಿ ಬೀಜದ್ದಾದರೆ ಪೀಬೆರಿ. ಎರಡೂ ಒಳ್ಳೆಯ ಪದ್ಧತಿಗಳೇ. ಈಗ ಒಬ್ಬ ಕಾಫಿ ವ್ಯಾಪಾರಿ ಅಡಿಕೆ ಮಂಡಿಗೆ ಬಂದು, “ಇದು ಪೀಬೆರಿಯೋ ಅಲ್ಲವೋ ಅಷ್ಟು ಹೇಳಿ” ಅಂದರೆ ಏನು ಮಾಡ್ತೀರಿ? “ಅಲ್ಲ” ಅನ್ನಬಹುದು. ಉತ್ತರ ಸುಳ್ಳಲ್ಲ. ಆದರೆ ಅದರಿಂದ ಅಡಿಕೆಯ ಬಗ್ಗೆ ಒಂದು ಕಾಳಿನಷ್ಟೂ ತಿಳಿಯಲಿಲ್ಲ. ಕನ್ನಡದ ಫಾಂಟಿಗೆ ‘ಸಾನ್ಸ್’ ಅನ್ನೋದು ಆ ಥರದ ಉತ್ತರ.

ಕನ್ನಡಕ್ಕೂ ಸೆರಿಫ್ ಇದೆಯಲ್ಲ, ತಲೆಕಟ್ಟೇ ನಮ್ಮ ಸೆರಿಫ್ ಅಂತ ಕೆಲವರು ಹೇಳ್ತಾರೆ. ನಾನೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದೆ. ಪರೀಕ್ಷೆ ಮಾಡಿ ನೋಡಿ. ಇಂಗ್ಲಿಷಿನ ಯಾವ ಅಕ್ಷರದಿಂದ ಬೇಕಾದರೂ ಸೆರಿಫ್ ತೆಗೆಯಿರಿ, ಅಕ್ಷರ ಅದೇ ಅಕ್ಷರ, ಓದು ಬದಲಾಗಲ್ಲ. ಕನ್ನಡದ ರ ಬರೆದು ಅದರ ತಲೆಕಟ್ಟು ಅಳಿಸಿ. ಉಳಿಯೋದು ಸೊನ್ನೆ. ಗ ಅಕ್ಷರದ್ದು ಅಳಿಸಿ. ಉಳಿಯೋದು ಒಂದು ಕಮಾನು, ಅದಕ್ಕೆ ಯಾವ ಉಚ್ಚಾರವೂ ಇಲ್ಲ.

ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು ಕಾಗುಣಿತ ಹೇಳಿಸಿದ್ದು ನೆನಪು ಮಾಡಿಕೊಳ್ಳಿ. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ತಲೆಕಟ್ಟಿದ್ದ ಜಾಗಕ್ಕೆ ಗುಡಿಸು ಬಂತು, ಸ್ವರ ಬದಲಾಯಿತು. ಅದೇ ಜಾಗಕ್ಕೆ ಏತ್ವ ಬಂದರೆ ಕೆ. ಸ್ವರವನ್ನೇ ಕಿತ್ತು ಹಾಕಿದರೆ ಕ್, ಅಲ್ಲೂ ತಲೆಕಟ್ಟು ಇಲ್ಲ. ಗಕ್ಕೆ ಗ-ಒತ್ತು ಕೊಟ್ಟರೆ, ಕೆಳಗೆ ಬರುವ ಗಕ್ಕೆ ತಲೆಕಟ್ಟಿಲ್ಲ, ಯಾಕಂದ್ರೆ ಸ್ವರದ ಕೆಲಸ ಮೇಲಿನ ಅಕ್ಷರವೇ ಮಾಡ್ತಿದೆ. ಅಂದರೆ ತಲೆಕಟ್ಟು ಅಲಂಕಾರಕ್ಕೆ ಇಟ್ಟದ್ದಲ್ಲ, ಅದು ಕೆಲಸಕ್ಕೆ ಇರೋದು. ಕಾಗುಣಿತದ ಆಟವೆಲ್ಲ ನಡೆಯೋದು ಆ ಜಾಗದಲ್ಲಿ.

ಇನ್ನೊಂದು ಕಡೆಯಿಂದಲೂ ನೋಡಿ. ಖ, ಜ, ಣ, ಬ, ಲ ಇವಕ್ಕೆ ತಲೆಕಟ್ಟೇ ಇಲ್ಲ. ತಲೆಕಟ್ಟು ಸೆರಿಫ್ ಆದರೆ ‘ಜನ’ ಅನ್ನುವ ಎರಡಕ್ಷರದ ಪದದಲ್ಲಿ ಜ ಸಾನ್ಸ್, ನ ಸೆರಿಫ್! ಇಂಥ ವಿಂಗಡಣೆ ಇಟ್ಟುಕೊಂಡು ಒಂದು ಪದವನ್ನೂ ದಾಟೋಕಾಗಲ್ಲ, ಆದರೂ ಅದರ ಮೇಲೆ ನಾವು ಪ್ರಾಡಕ್ಟ್ ಕಟ್ತೇವೆ.

ಹಾಗಾದರೆ ಕನ್ನಡ ಫಾಂಟ್ ಮಾರುವವರು, ಹಂಚುವವರು ಸೆರಿಫ್ ಅಂತ ಕರೆಯೋದು ಯಾವುದನ್ನ? ಗೂಗಲ್‌ನ ನೋಟೋ ಸಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ ಎರಡನ್ನೂ ಪಕ್ಕ ಪಕ್ಕ ಇಡಿ. ಪಾದ ಎರಡಕ್ಕೂ ಇಲ್ಲ, ತಲೆಕಟ್ಟು ಎರಡಕ್ಕೂ ಇದೆ. ವ್ಯತ್ಯಾಸ ಇರೋದು ಗೆರೆಯಲ್ಲಿ. ಒಂದರಲ್ಲಿ ಗೆರೆ ಹೆಚ್ಚುಕಮ್ಮಿ ಒಂದೇ ದಪ್ಪ. ಇನ್ನೊಂದರಲ್ಲಿ ದಪ್ಪ-ಸಪೂರ ಏರಿಳಿತ. ಈ ವ್ಯತ್ಯಾಸ ನಿಜವಾದದ್ದು, ಕನ್ನಡಕ್ಕೂ ಇರುವಂಥದ್ದು. ಅದನ್ನು ಒಪ್ಪಿಕೊಳ್ತೀನಿ. ಆದರೆ ಅದಕ್ಕೆ ಅಂಟಿಸಿದ ಹೆಸರಿನ ಜತೆ ‘ಸಪಾಟು ಗೆರೆ ಅಂದರೆ ಹೊಸದು, ದಪ್ಪ-ಸಪೂರ ಅಂದರೆ ಹಳೆಯದು’ ಅನ್ನುವ ಇಂಗ್ಲೆಂಡಿನ ಚರಿತ್ರೆಯೂ ಬಂದುಬಿಟ್ಟಿದೆ. ಕನ್ನಡದಲ್ಲಿ ಆ ಚರಿತ್ರೆ ಹಾಗಿಲ್ಲ.

ಓಲೆಗರಿಯ ಮೇಲೆ ಬರೆಯೋದು ಕಬ್ಬಿಣದ ಕಂಟದಲ್ಲಿ. ಚೂಪು ಮೊನೆ ಗರಿಯನ್ನು ಗೀರುತ್ತಾ ಹೋಗುತ್ತೆ, ಆಮೇಲೆ ಮಸಿ ತಿಕ್ಕಿ ಒರೆಸಿದರೆ ಗೀರಿನೊಳಗೆ ಕಪ್ಪು ನಿಲ್ಲುತ್ತೆ. ಗೀರಿಗೆ ದಪ್ಪ ಸಪೂರ ಎಲ್ಲಿಂದ ಬರಬೇಕು? ಮೇಲೆ ಹೋದರೂ ಒಂದೇ, ಕೆಳಗೆ ಬಂದರೂ ಒಂದೇ. ನೂರಾರು ವರ್ಷ ಕನ್ನಡ ಕಾವ್ಯ, ಶಾಸ್ತ್ರ, ವೈದ್ಯ ಎಲ್ಲ ಗರಿಯ ಮೇಲೆ ಇಂಥ ಸಪಾಟು ಗೆರೆಯಲ್ಲೇ ಇದ್ದದ್ದು. ಮೀಟಿಂಗಿನಲ್ಲಿ ನಾವು ‘ಮಾಡರ್ನ್’ ಅಂತ ಆರಿಸಿದ್ದು ಓಲೆಗರಿಯ ಗೆರೆಯನ್ನ.

ಇನ್ನು ಶೃಂಗೇರಿ ಮಠದ ಕಡತಗಳು. ‘ಕಡತ ವಿಲೇವಾರಿ’ ಅಂತ ಈಗ ಆಫೀಸುಗಳಲ್ಲಿ ಅನ್ನುತ್ತೇವಲ್ಲ, ಆ ಪದದ ಮೂಲ ಒಂದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಿಳಿ ಬಳಪದಲ್ಲಿ ಲೆಕ್ಕ-ಪತ್ರ ಬರೆಯುತ್ತಿದ್ದರು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ. ಡಾರ್ಕ್ ಮೋಡ್ ಅಂತ ನಾವು ಲಾಂಚ್ ಪಾರ್ಟಿ ಮಾಡಿದ್ದನ್ನು ನಮ್ಮೂರ ಕಡೆಯ ಶಾನುಭೋಗರು ದಿನಾ ಬಳಸ್ತಿದ್ದರು.

ಅಚ್ಚಿನ ಕಾಲಕ್ಕೂ ಇದೇ ಮಾತು. 1843ರಲ್ಲಿ ಮೊಗ್ಲಿಂಗ್ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಶುರು ಮಾಡಿದಾಗ ಅದು ಅಚ್ಚಾದದ್ದು ಕಲ್ಲಚ್ಚಿನಲ್ಲಿ. ಅಂದರೆ ಮೊಳೆಯೇ ಇಲ್ಲ, ಕೈಬರಹವನ್ನೇ ಕಲ್ಲಿನಿಂದ ಕಾಗದಕ್ಕೆ ಇಳಿಸಿದ್ದು. ಕನ್ನಡದ ಮೊದಲ ಪತ್ರಿಕೆಗೆ ‘ಟೈಪ್‌ಫೇಸ್’ ಅನ್ನುವುದೇ ಇರಲಿಲ್ಲ. ಅದೇ ಬಾಸೆಲ್ ಮಿಷನ್ ಆಮೇಲೆ ಮೊಳೆ ಜೋಡಿಸಿ ಮುದ್ರಿಸಿ, 1894ರಲ್ಲಿ ಕಿಟ್ಟೆಲ್ ನಿಘಂಟನ್ನೂ ಹೊರತಂದಿತು. ಕಂಟ, ಬಳಪ, ಲೇಖಣಿ, ಕಲ್ಲಚ್ಚು, ಸೀಸದ ಮೊಳೆ, ಬಸ್ಸಿನ ಬೋರ್ಡಿಗೆ ‘ಕೊಪ್ಪ–ಶೃಂಗೇರಿ’ ಅಂತ ಬರೆಯುವ ಪೇಂಟರಿನ ಕುಂಚ: ನಮ್ಮ ಅಕ್ಷರದ ಶೈಲಿಗಳು ಹುಟ್ಟಿದ್ದು ಇವುಗಳ ಕೈಯಲ್ಲಿ. ಈ ಆರರಲ್ಲಿ ಒಂದಕ್ಕೂ ‘ಸೆರಿಫ್’ ಅನ್ನುವ ಪದ ಬೇಕಾಗಿರಲಿಲ್ಲ.

ಪಶ್ಚಿಮದವರೇ ಅಕ್ಷರಗಳನ್ನು ವಿಂಗಡಿಸಲು ಮಾಡಿಕೊಂಡ ದೊಡ್ಡ ಪಟ್ಟಿಯ ಕತೆ ಇನ್ನೂ ಚೆನ್ನಾಗಿದೆ. 1954ರಲ್ಲಿ ಫ್ರಾನ್ಸಿನ ಮ್ಯಾಕ್ಸಿಮಿಲಿಯನ್ ವಾಕ್ಸ್ ಅಚ್ಚಕ್ಷರಗಳನ್ನು ಒಂಬತ್ತು ಗುಂಪು ಮಾಡಿದ. ಹೆಸರುಗಳು ಎಷ್ಟು ಪ್ರೀತಿಯವು ನೋಡಿ: ಗ್ಯಾರಮಾಂಡ್ ಮತ್ತು ಆಲ್ಡಸ್ ಅನ್ನುವ ಇಬ್ಬರು ಹಿರಿಯರ ಹೆಸರು ಕೂಡಿಸಿ ‘ಗ್ಯಾರಾಲ್ಡ್’, ಡಿಡೋ ಮತ್ತು ಬೊಡೋನಿ ಕೂಡಿಸಿ ‘ಡಿಡೋನ್’. ಅಜ್ಜಂದಿರ ಹೆಸರನ್ನು ಮೊಮ್ಮಕ್ಕಳಿಗೆ ಇಟ್ಟ ಹಾಗೆ. 1962ರಲ್ಲಿ ಅಂತಾರಾಷ್ಟ್ರೀಯ ಮುದ್ರಣಾಕ್ಷರ ಸಂಘ ‘ಎಟೈಪ್‌ಐ’ ಅದನ್ನು ಒಪ್ಪಿಕೊಂಡಿತು, ಕೊನೆಗೆ ಒಂದೆರಡು ಗುಂಪು ಸೇರಿಸಿತು. ಅದರಲ್ಲಿ ಒಂದು ‘ನಾನ್-ಲ್ಯಾಟಿನ್’. ಕನ್ನಡ, ತಮಿಳು, ಅರಬ್ಬಿ, ಚೀನೀ, ಥಾಯ್, ಎಲ್ಲ ಅದೊಂದೇ ಡಬ್ಬಿಗೆ. ಅರ್ಜಿ ಫಾರಂನ ಕೊನೆಯಲ್ಲಿ ‘ಇತರೆ’ ಅಂತ ಇರುತ್ತಲ್ಲ, ಹಾಗೆ. ಆ ಸಂಘವೇ 2021ರಲ್ಲಿ ಈ ಪದ್ಧತಿಗೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂದಕ್ಕೆ ಪಡೆಯಿತು. ಹೆಸರಿಟ್ಟವರೇ ಇದು ಸಾಲದು ಅಂತ ಕೈಬಿಟ್ಟರು. ನಾವು ಇನ್ನೂ ಡಿಸೈನ್ ರಿವ್ಯೂದಲ್ಲಿ ಕೇಳ್ತಾನೇ ಇದ್ದೀವಿ: ಸೆರಿಫಾ ಸಾನ್ಸಾ?

ನಮ್ಮ ಯಂತ್ರಗಳ ಒಳಗೂ ಇದೇ ಕೂತಿದೆ. ಫಾಂಟ್ ಫೈಲಿನೊಳಗೆ ‘ಪ್ಯಾನೋಸ್’ ಅಂತ ಹತ್ತು ಅಂಕಿಯ ಒಂದು ಕೋಡ್ ಇರುತ್ತೆ, ಫಾಂಟಿನ ಜಾತಕ ಇದ್ದ ಹಾಗೆ. ಮೊದಲ ಅಂಕಿ ಕುಲ ಹೇಳುತ್ತೆ. 2 ಅಂದರೆ ಲ್ಯಾಟಿನ್ ಪಠ್ಯ, 3 ಲ್ಯಾಟಿನ್ ಕೈಬರಹ, 4 ಲ್ಯಾಟಿನ್ ಅಲಂಕಾರ, 5 ಚಿಹ್ನೆಗಳು. 0 ಅಂದರೆ ಯಾವುದಾದರೂ ಆಗಬಹುದು, 1 ಅಂದರೆ ಯಾವುದಕ್ಕೂ ಹೊಂದಲ್ಲ. ಕನ್ನಡದ ಕುಲ ಹೇಳಲು ಅಂಕಿಯೇ ಇಲ್ಲ. ವೆಬ್ ಪುಟಗಳ ಸಿಎಸ್ಎಸ್‌ನಲ್ಲಿ 1996ರಿಂದ ಐದು ಸಾಮಾನ್ಯ ಹೆಸರುಗಳು: ಸೆರಿಫ್, ಸಾನ್ಸ್ ಸೆರಿಫ್, ಕರ್ಸಿವ್, ಫ್ಯಾಂಟಸಿ, ಮಾನೋಸ್ಪೇಸ್. ಹಾಗಂತ ಇದು ಬದಲಾಗದ ಬ್ರಹ್ಮಲಿಪಿ ಏನಲ್ಲ. ಈಚಿನ ಕರಡುಗಳಲ್ಲಿ ಉರ್ದುವಿನ ನಸ್ತಾಲೀಕ್‌ಗೆ, ಚೀನೀಯರ ಫಾಂಗ್‌ಸಾಂಗ್‌ಗೆ ಅವುಗಳದೇ ಹೆಸರಿನ ಜಾಗ ಸಿಕ್ಕಿದೆ. ಆ ಭಾಷೆಯವರು ಹೋಗಿ ಕೂತು ಕೇಳಿದರು, ಸಿಕ್ಕಿತು. ನಾವು ಸಾನ್ಸ್ ಓಕೆ ಅಂದೆವು.

ಇಷ್ಟೆಲ್ಲ ಹೆಸರಿನ ಜಗಳ, ಓದೋರಿಗೆ ಏನು ವ್ಯತ್ಯಾಸ ಅಂತೀರಾ? ಆ್ಯಂಡ್ರಾಯ್ಡ್ ಕತೆ ಕೇಳಿ. 2014ರಿಂದ ಅದರಲ್ಲಿ ‘ಎಲಿಗೆಂಟ್ ಟೆಕ್ಸ್ಟ್ ಹೈಟ್’ ಅಂತ ಒಂದು ಸ್ವಿಚ್ ಇದೆ. ಅದು ಆಫ್ ಇದ್ದರೆ ಕನ್ನಡ, ತೆಲುಗು, ತಮಿಳು, ಮಲಯಾಳಂ, ಅರಬ್ಬಿ ಮುಂತಾದ ಲಿಪಿಗಳಿಗೆ ಒತ್ತಿ ಕುಗ್ಗಿಸಿದ ಅಕ್ಷರ ಬರುತ್ತೆ. ಇಂಗ್ಲಿಷ್ ಅಳತೆಗೆ ಕಟ್ಟಿದ ಸಾಲು, ಗುಂಡಿ, ಡಬ್ಬಿಗಳು ಕೆಡಬಾರದು ಅಂತ ಮಾಡಿದ ಏರ್ಪಾಡು. ಆನ್ ಮಾಡಿದರೆ ಅಕ್ಷರಕ್ಕೆ ಬೇಕಾದಷ್ಟು ಎತ್ತರ ಸಿಗುತ್ತೆ. ಸ್ವಿಚ್ ಮೊದಲಿನಿಂದ ಇದ್ದದ್ದು ಆಫ್. 2024ರಲ್ಲಿ ಆ್ಯಂಡ್ರಾಯ್ಡ್ 15 ಬಂದಾಗ, ಅದಕ್ಕೆ ಅಂತ ಸಿದ್ಧ ಮಾಡಿದ ಆ್ಯಪ್‌ಗಳಲ್ಲಿ ಅದು ತಾನಾಗಿ ಆನ್ ಆಗುವ ಹಾಗೆ ಬದಲಾಯಿಸಿದರು. ಹತ್ತು ವರ್ಷ ನಮ್ಮ ಅಪ್ಪ-ಅಮ್ಮಂದಿರು ಕುಗ್ಗಿಸಿದ ಕನ್ನಡ ಓದಿದರು. ಆ ಸ್ವಿಚ್ಚಿನ ಹೆಸರು ಗಮನಿಸಿ. ಕನ್ನಡ ಕನ್ನಡದ ಹಾಗೆ ಕಾಣೋದು ‘ಎಲಿಗೆಂಟ್’ ಅಂತೆ, ಮದುವೆ ಮನೆಗೆ ಸೀರೆ ಉಟ್ಟ ಹಾಗೆ ಒಂದು ಸೊಗಸು. ದಿನಬಳಕೆಗೆ ಕುಗ್ಗಿಸಿದ್ದೇ ಸಾಕು.

ಗೂಗಲ್‌ನವರನ್ನು ಬೈದು ಮುಗಿಸೋದು ಸುಲಭ. ಆದರೆ ಆ ಸ್ವಿಚ್ಚು ಎಲ್ಲ ಡೆವಲಪರ್‌ಗಳ ಕೈಯಲ್ಲೂ ಇತ್ತು. ಒಂದು ಸಾಲು ಬರೆದಿದ್ದರೆ ಆನ್ ಆಗ್ತಿತ್ತು. ನನಗೆ ಅದು ಇದೆ ಅಂತಲೇ ಗೊತ್ತಿರಲಿಲ್ಲ. ಯಾಕೆ ಗೊತ್ತಿರಲಿಲ್ಲ ಅಂದರೆ ಕನ್ನಡದ ಬಗ್ಗೆ ಕೇಳಬೇಕಾದ ಪ್ರಶ್ನೆ ಕೇಳಿ ಮುಗಿದಿದೆ, ಉತ್ತರ ಸಿಕ್ಕಿದೆ ಅಂತ ಅಂದುಕೊಂಡಿದ್ದೆ. ತಪ್ಪು ಪ್ರಶ್ನೆಯ ಅಪಾಯ ಇದೇ. ಉತ್ತರ ಬಂದ ತಕ್ಷಣ ಸಮಾಧಾನ ಆಗಿಬಿಡುತ್ತೆ, ಕೇಳಬೇಕಾದದ್ದನ್ನು ಆಮೇಲೆ ಯಾರೂ ಕೇಳಲ್ಲ.

ಒಬ್ಬ ಡಿಸೈನರ್ ಗೆಳೆಯನ ಹತ್ತಿರ ಇದೆಲ್ಲ ಹೇಳಿದೆ. ಅವನ ವಾದವನ್ನೂ ಹೇಳಿಬಿಡ್ತೀನಿ, ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. “ಒಂದೇ ಪುಟದಲ್ಲಿ ಇಂಗ್ಲಿಷೂ ಕನ್ನಡವೂ ಇರುತ್ತೆ ಮಗಾ. ಎರಡರ ಬಣ್ಣ, ತೂಕ ಹೊಂದಬೇಕು. ಇಂಗ್ಲಿಷ್ ದಪ್ಪ-ಸಪೂರ ಇದ್ದರೆ ಕನ್ನಡವೂ ಹಾಗಿದ್ದರೆ ಚೆಂದ. ಆ ಜೋಡಿಗೆ ಒಂದು ಹೆಸರು ಬೇಕು, ಸೆರಿಫ್ ಅಂತ ಇಟ್ಟುಕೊಂಡಿದ್ದೀವಿ. ಹೆಸರು ಅಷ್ಟೇ, ಯಾಕೆ ತಲೆ ಕೆಡಿಸ್ಕೋತೀಯ?”

ಜೋಡಿ ಹೊಂದಬೇಕು ಅನ್ನೋದು ನಿಜ. ಆದರೆ ಜೋಡಿಯಲ್ಲಿ ಯಾವಾಗಲೂ ಒಬ್ಬರೇ ಮುಂದೆ ನಡೆದು ಇನ್ನೊಬ್ಬರು ಹಿಂದೆ ಹೆಜ್ಜೆ ಹಾಕಬೇಕು ಅಂತ ಎಲ್ಲಿದೆ? ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಲ್ಲಿ ಎಡಪುಟಕ್ಕೆ ಭಾರತೀಯ ಲಿಪಿ, ಬಲಪುಟಕ್ಕೆ ಇಂಗ್ಲಿಷ್. ಅದಕ್ಕಾಗಿ ಮಾಡಿಸಿದ ಅಕ್ಷರಗಳಿಂದ ಬಂದದ್ದು ಟಿರೋ ಕನ್ನಡ, ಈಗ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ದಪ್ಪ-ಸಪೂರ ಇರುವ ಪುಸ್ತಕದ ಅಕ್ಷರ, ಇಂಗ್ಲಿಷಿನ ಪಕ್ಕ ಕೂರಲಿಕ್ಕೇ ಹುಟ್ಟಿದ್ದು, ಆದರೂ ಹೆಸರಿನಲ್ಲಿ ಸೆರಿಫ್ ಇಲ್ಲ. ಆಕಾಯ ಕನಡಕ, ಬಲೂ ತಮ್ಮ, ಅನೇಕ್ ಕನ್ನಡ, ನವಿಲು, ಗುಬ್ಬಿ ಇವುಗಳ ಹೆಸರಲ್ಲೂ ಇಲ್ಲ. ಮಾಡುವವರು ಆ ಹೆಸರಿನಿಂದ ಆಚೆ ಬಂದಿದ್ದಾರೆ. ಅಲ್ಲೇ ಸಿಕ್ಕಿಕೊಂಡವರು ಆರಿಸುವ ನಾವು, ಡ್ರಾಪ್‌ಡೌನ್‌ನಲ್ಲಿ ‘ಸಾನ್ಸ್’ ಅಂತ ಫಿಲ್ಟರ್ ಹಾಕಿ ಮೊದಲು ಬಂದದ್ದನ್ನು ಎತ್ತಿಕೊಳ್ಳುವ ನಾವು.

ಮೈಕ್ರೋಸಾಫ್ಟ್‌ನವರು ವಿಂಡೋಸ್ ಎಕ್ಸ್‌ಪಿ ಜತೆ ಕೊಟ್ಟ ಕನ್ನಡ ಫಾಂಟಿನ ಹೆಸರು ತುಂಗಾ. ನಮ್ಮ ಶೃಂಗೇರಿಯ, ಹರಿಹರಪುರದ ಹೊಳೆ. ವಿಂಡೋಸ್ 8ರ ಹೊತ್ತಿಗೆ ಭಾರತದ ಎಲ್ಲ ಮುಖ್ಯ ಲಿಪಿಗಳಿಗೂ ಸೇರಿ ನಿರ್ಮಲಾ ಯುಐ ಅಂತ ಒಂದೇ ಬಂತು. ಕೆಲಸಕ್ಕೆ ಅನುಕೂಲ, ಒಪ್ಪುತ್ತೇನೆ. ಆದರೂ ಹೊಳೆಯ ಹೆಸರು ಹೋಗಿ ‘ಯುಐ’ ಬಂದದ್ದು ನೋಡಿದಾಗ ಸ್ವಲ್ಪ ಪಿಚ್ಚೆನಿಸುತ್ತೆ.

ಬರೀ ಟೀಕೆ ಆಯ್ತು, ನಿನ್ನ ಪಟ್ಟಿ ಕೊಡು ಅಂದರೆ, ಕೊಡ್ತೀನಿ. ನಾನು ಅಕ್ಷರ ವಿನ್ಯಾಸಕ ಅಲ್ಲ, ಬಿಇ ಓದಿದ ಕೋಡಿಗ. ಆದರೆ ಕನ್ನಡ ಫಾಂಟ್ ಆರಿಸುವಾಗ ಈಗ ಈ ನಾಲ್ಕು ಕೇಳ್ತೀನಿ.

ಒಂದು, ಗೆರೆ ಯಾರ ಕೈಯದು? ಕಂಟದ ಹಾಗೆ ಸಪಾಟೋ, ಲೇಖಣಿಯ ಹಾಗೆ ದಪ್ಪ-ಸಪೂರವೋ, ಬೋರ್ಡಿನ ಕುಂಚದ ಹಾಗೆ ಉಬ್ಬುತಗ್ಗೋ? ಎರಡು, ತಲೆಕಟ್ಟು ಹೇಗಿದೆ? ಮೈಗೆ ಅಂಟಿಕೊಂಡಿದೆಯೋ, ಉದ್ದ ಚಾಚಿ ಪಕ್ಕದ ಅಕ್ಷರಕ್ಕೆ ತಾಗುತ್ತೋ, ಸಣ್ಣ ಗಾತ್ರದಲ್ಲಿ ಗುಡಿಸಿಗೂ ಅದಕ್ಕೂ ವ್ಯತ್ಯಾಸ ಕಾಣುತ್ತೋ? ಮೂರು, ಒತ್ತು ಎಷ್ಟು ಕೆಳಗೆ ಇಳಿಯುತ್ತೆ? ಕೊಪ್ಪಕ್ಕೆ ಒಂದು ಮಾಳಿಗೆ ಸಾಕು, ‘ಲಕ್ಷ್ಮೀ’, ‘ರಾಷ್ಟ್ರ’ ಬಂದರೆ ಎರಡು ಒತ್ತಿಗೆ ಜಾಗ ಬೇಕು. ನಾಲ್ಕು, ಹೊಟ್ಟೆ ತೆರೆದಿದೆಯೋ, ಸೀಳು ಕಾಣುತ್ತೋ? ದ-ಧ, ಡ-ಢ, ಪ-ಫ ಇವುಗಳ ನಡುವೆ ಇರೋದು ಒಂದು ಪುಟ್ಟ ಸೀಳು. ರ ಮತ್ತು ಠ ನಡುವೆ ಒಂದು ಚುಕ್ಕಿ. ಅಗ್ಗದ ಸ್ಕ್ರೀನಿನಲ್ಲಿ, ದಪ್ಪ ಅಕ್ಷರದಲ್ಲಿ ಆ ಸೀಳು ತುಂಬಿಹೋದರೆ ‘ಸಹಾಯಧನ’ ಹೋಗಿ ‘ಸಹಾಯದನ’ ಆಗುತ್ತೆ. ಸರ್ಕಾರ ಹಸು ಕೊಡುತ್ತೆ ಅಂತ ಹಟ್ಟಿ ಗುಡಿಸಿ ಕಾಯಬೇಕು.

ಈ ನಾಲ್ಕು ಪ್ರಶ್ನೆಗಳಿಗೆ ಬೇಕಾದ ಪದಗಳಲ್ಲಿ ಹೆಚ್ಚಿನವು ಒಂದನೇ ಕ್ಲಾಸಿನಲ್ಲೇ ಸಿಕ್ಕಿದ್ದವು: ತಲೆಕಟ್ಟು, ಗುಡಿಸು, ಕೊಂಬು, ವಟ್ರಸುಳಿ, ಒತ್ತು. ಅಕ್ಷರದ ಒಂದೊಂದು ಅಂಗಕ್ಕೂ ಹೆಸರಿದೆ. ಆ ಪದಗಳನ್ನು ಮೀಟಿಂಗ್ ರೂಮಿಗೆ ತರಲು ನಮಗೆ ನಾಚಿಕೆ, ಅಷ್ಟೇ. ‘ಗುಡಿಸು’ ಅಂದರೆ ಹಳ್ಳಿಯವನು, ‘ಟರ್ಮಿನಲ್ ಸ್ಟ್ರೋಕ್’ ಅಂದರೆ ಪ್ರೊಫೆಷನಲ್.

ಆ ದೀಪಾವಳಿಯ ದಿನಕ್ಕೆ ವಾಪಸ್ ಬರ್ತೀನಿ. ಅಪ್ಪಯ್ಯ ಏಳನೇ ಕ್ಲಾಸಿನವರೆಗೆ ಓದಿದವರು. ಪೇಪರನ್ನು ಮೊದಲ ಪುಟದಿಂದ ಶ್ರದ್ಧಾಂಜಲಿ ಜಾಹೀರಾತಿನವರೆಗೆ ಬಿಡದೆ ಓದ್ತಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಅಳತೆ, ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಕೃಷಿ ಪುಸ್ತಕದಿಂದ ಓದಿ ಗೋಡೆಯ ಮೇಲೆ ಬರೆದಿಟ್ಟವರು. ಮೈಲುತುತ್ತ, ಸುಣ್ಣ: ಎರಡರಲ್ಲೂ ಒತ್ತಿದೆ, ಗೋಡೆಯ ಮೇಲೆ ಎರಡೂ ಸರಿಯಾಗಿ ಕೂತಿವೆ. ಅಂಥವರು ಆ ಆ್ಯಪ್ ಬಂದ ಮೇಲೆ ಪೇಟೆಯ ಒಂದು ಅಂಗಡಿಗೆ ಹೋಗಿ, ಮೊಬೈಲು, ಓಟಿಪಿ ಎಲ್ಲ ಅಲ್ಲಿನ ಹುಡುಗನ ಕೈಗೆ ಕೊಟ್ಟು ಬರ್ತಿದ್ದರಂತೆ. ಪ್ರತಿಸಲ ಐವತ್ತು ರೂಪಾಯಿ. ನನಗೆ ಹೇಳಿರಲಿಲ್ಲ.

“ನೀವೇ ಓದಿ ಒತ್ತಬಹುದಿತ್ತಲ್ಲ ಅಪ್ಪಯ್ಯ, ಕನ್ನಡದಲ್ಲೇ ಇದೆಯಲ್ಲ” ಅಂದೆ, ನನ್ನ ತಪ್ಪು ಮುಚ್ಚಿಕೊಳ್ಳೋ ದನಿಯಲ್ಲಿ.

“ಓದಕ್ಕೆ ನಂಗೆ ಬರುತ್ತೆ ಮಾರಾಯ. ಬರೆಯಕ್ಕೆ ಅದಕ್ಕೆ ಬರಲ್ಲ” ಅಂದರು.

ಹಬ್ಬ ಮುಗಿಸಿ ಬೆಂಗಳೂರಿಗೆ ಬಂದು ಟಿಕೆಟ್ ಹಾಕಿದೆ. ಆದ್ಯತೆ ‘ಕಡಿಮೆ’ ಅಂತ ಗುರುತಿಸಿ ಪಕ್ಕಕ್ಕಿಟ್ಟರು. ಒಂದು ಶನಿವಾರ ನಾನೇ ಕೂತು ಸರಿ ಮಾಡಿದೆ. ಡಬ್ಬಿಯ ಎತ್ತರ ತೆಗೆದು ಅಕ್ಷರ ಎಷ್ಟು ಬೇಕೋ ಅಷ್ಟು ಬೆಳೆಯಲು ಬಿಟ್ಟೆ, ಮುಚ್ಚುವ ಸಾಲು ಅಳಿಸಿದೆ, ಸ್ವಿಚ್ ಆನ್ ಮಾಡಿದೆ, ಉದ್ದದ ಹೆಸರು ಎರಡನೇ ಸಾಲಿಗೆ ಇಳಿಯುವ ಹಾಗೆ ಮಾಡಿದೆ. ಎಲ್ಲ ಸೇರಿ ಹನ್ನೊಂದು ಸಾಲು ಕೋಡ್. ಫಾಂಟ್ ಅದೇ ‘ಸಾನ್ಸ್’, ಅದನ್ನು ಮುಟ್ಟಲೇ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ಅಪ್ಪಯ್ಯ ಪಟ್ಟಿ ತೆಗೆದು, ಕೊಪ್ಪ ಅಂತ ಓದಿ, ಒತ್ತಿದರು. ಏನೂ ಹೇಳಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ, ಊರಿನ ಹೆಸರು ಊರಿನ ಹೆಸರಿನ ಹಾಗೇ ಇತ್ತು.

ನೀವು ಇದನ್ನು ಓದ್ತಾ ಇರೋರು ಬಹುಪಾಲು ನನ್ನ ಥರದವರೇ. ಕೋಡ್ ಬರೆಯೋರು, ಡಿಸೈನ್ ಮಾಡೋರು, ಇಲ್ಲಾ ಅದಕ್ಕೆ ಅಪ್ರೂವಲ್ ಕೊಡೋರು. ನಾಳೆ ಆಫೀಸಿಗೆ ಹೋದಾಗ ನಿಮ್ಮ ಪ್ರಾಡಕ್ಟಿನ ಕನ್ನಡ ಆವೃತ್ತಿ ತೆರೆದು, ಅತಿ ಚಿಕ್ಕ ಡಬ್ಬಿ ಹುಡುಕಿ, ಅದರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಅಂತ ಟೈಪ್ ಮಾಡಿ. ಆಮೇಲೆ ‘ರಾಷ್ಟ್ರ’, ‘ಸಹಾಯಧನ’. ಮೂರು ಸಾವಿರ ರೂಪಾಯಿಯ ಹಳೆಯ ಫೋನಿನಲ್ಲಿ, ಬಿಸಿಲಲ್ಲಿ ನಿಂತು ಓದಿ. ಮುಂದಿನ ರಿವ್ಯೂದಲ್ಲಿ ಯಾರಾದರೂ “ಕನ್ನಡಕ್ಕೆ ಸೆರಿಫಾ ಸಾನ್ಸಾ” ಅಂತ ಕೇಳಿ ನಿಮ್ಮ ಕಡೆ ನೋಡಿದರೆ, ನಾನು ಅಂದ ಹಾಗೆ “ಓಕೆ” ಅನ್ನಬೇಡಿ. “ಮೊದಲು ಒತ್ತಿಗೆ ಎಷ್ಟು ಜಾಗ ಇಟ್ಟಿದ್ದೀರಿ, ತೋರಿಸಿ” ಅನ್ನಿ.